ರಾಣಿಯ ಕಥೆಯಲ್ಲಿ ಮಗು ಎಲ್ಲಿದೆ? ಮಲೆನಾಡಿನ ಇತಿಹಾಸ ಮಕ್ಕಳ ಕಥೆಯಾಗುವ ಬಗೆ

ಸಾಗರಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿರುವ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದ ದೊಡ್ಡವರು ಕತ್ತೆತ್ತಿ ನೋಡುತ್ತಾರೆ: ಕಂಬ, ಕೆತ್ತನೆ, ಛಾವಣಿ. ಮಕ್ಕಳ ಕಣ್ಣು ನೆಲಕ್ಕೆ ಹೋಗುತ್ತದೆ. ಗರ್ಭಗುಡಿಯ ಎದುರಿನ ನೆಲಹಾಸಿನಲ್ಲಿ ಮೂವರು ಕೆಳದಿ ಅರಸರು ದೇವರಿಗೆ ನಮಸ್ಕರಿಸುತ್ತಿರುವಂತೆ ಕೆತ್ತಿದ್ದಾರೆ, ಪಕ್ಕದಲ್ಲೇ ಅವರವರ ಹೆಸರು. ಒಬ್ಬನ ಹೆಸರು ಹುಚ್ಚ ಸೋಮಶೇಖರ. ಅವನ ಕೈಕಾಲಿಗೆ ಬೇಡಿ ಹಾಕಿದೆ.

ರಾಜನಿಗೆ ಬೇಡಿ ಹಾಕುವ ಧೈರ್ಯ ಯಾರಿಗೆ ಬಂತು? ಹಾಕಿದ ಮೇಲೂ ಅವನನ್ನು ದೇವರ ಎದುರಿಗೇ ಯಾಕೆ ಕೆತ್ತಿದರು? ಕಲ್ಲಿನ ಮೇಲೆ ಉತ್ತರವಿಲ್ಲ. ಇಂಥಲ್ಲಿ ಇತಿಹಾಸಕಾರ ‘ಆಧಾರ ಸಾಲದು’ ಎಂದು ಲೇಖನಿ ಕೆಳಗಿಡಬೇಕು, ಅದು ಅವನ ವೃತ್ತಿಧರ್ಮ. ಮಕ್ಕಳಿಗೆ ಐತಿಹಾಸಿಕ ಕಥೆ ಬರೆಯುವವನಿಗೆ ಕೆಲಸ ಶುರುವಾಗುವುದೇ ಆ ಜಾಗದಲ್ಲಿ. ಆದರೆ ಅಲ್ಲಿಂದ ಮುಂದೆ ಏನು ಬೇಕಾದರೂ ಬರೆಯಬಹುದು ಎಂದಲ್ಲ. ಏನನ್ನು ಕಟ್ಟಬಹುದು, ಏನನ್ನು ಮುಟ್ಟಲೇಬಾರದು ಎಂಬ ಲೆಕ್ಕಾಚಾರ ದೊಡ್ಡವರ ಐತಿಹಾಸಿಕ ಕಾದಂಬರಿಗಿಂತ ಇಲ್ಲಿ ಬಿಗಿ. ಯಾಕೆಂದರೆ ದೊಡ್ಡವರು ಓದಿದ್ದನ್ನು ಅನುಮಾನಿಸಬಲ್ಲರು. ಹತ್ತು ವರ್ಷದ ಮಗು ಓದಿದ್ದೇ ಇತಿಹಾಸ ಎಂದುಕೊಂಡು ಬೆಳೆಯುತ್ತದೆ.

ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದನ್ನು ಕೆಳದಿಯ ಇತಿಹಾಸವನ್ನೇ ಇಟ್ಟುಕೊಂಡು ನೋಡೋಣ. 1499ರಿಂದ 1763ರವರೆಗೆ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದ ಮನೆತನ ಇದು. ಇದರಲ್ಲಿ ಮಕ್ಕಳ ಪುಸ್ತಕಗಳಿಗೆ ಹೆಚ್ಚು ಪ್ರಿಯವಾದ ಪ್ರಸಂಗ ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು. ಸಾಮಾನ್ಯವಾಗಿ ಅದು ಹೀಗೆ ಬರುತ್ತದೆ:

“ವೀರರಾಣಿ ಚೆನ್ನಮ್ಮಾಜಿ ಸಿಂಹಿಣಿಯಂತೆ ಗರ್ಜಿಸಿದಳು: ‘ಶರಣು ಬಂದವರನ್ನು ಕಾಯುವುದು ನಮ್ಮ ಧರ್ಮ! ಔರಂಗಜೇಬನ ಸೈನ್ಯ ಬರಲಿ, ನೋಡಿಕೊಳ್ಳುತ್ತೇನೆ!’”

ಘಟನೆಯ ಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ. ಆಶ್ರಯ ಕೊಟ್ಟದ್ದು ನಿಜ, ಸೈನ್ಯ ಬಂದದ್ದೂ ನಿಜ. ಆದರೆ ಓದುವ ಮಗುವಿಗೆ ಇಲ್ಲಿ ನೋಡಲು, ಮೂಸಲು, ಹೆದರಲು ಏನೂ ಇಲ್ಲ. ಹೆಸರು ಬದಲಾಯಿಸಿದರೆ ಇದೇ ಸಾಲು ಕಿತ್ತೂರಿಗೂ ಒಪ್ಪುತ್ತದೆ, ಉಳ್ಳಾಲಕ್ಕೂ ಒಪ್ಪುತ್ತದೆ. ಕೆಳದಿ ಚೆನ್ನಮ್ಮನನ್ನೂ ಕಿತ್ತೂರು ಚೆನ್ನಮ್ಮನನ್ನೂ ಮಕ್ಕಳು ಒಬ್ಬಳೇ ಎಂದು ತಿಳಿಯುವುದು ಹೆಸರಿನ ಕಾರಣಕ್ಕಷ್ಟೇ ಅಲ್ಲ. ಇಬ್ಬರೂ ಒಂದೇ ಬಗೆಯಲ್ಲಿ ಗರ್ಜಿಸುತ್ತಾರೆ. ಅವರ ನಡುವೆ ನೂರು ವರ್ಷಕ್ಕೂ ಮಿಕ್ಕ ಅಂತರವಿದೆ, ಒಬ್ಬಳ ಎದುರಿಗೆ ಮೊಗಲರು, ಇನ್ನೊಬ್ಬಳ ಎದುರಿಗೆ ಇಂಗ್ಲಿಷರು ಎಂಬುದು ಗರ್ಜನೆಯ ನಡುವೆ ಕೇಳಿಸುವುದೇ ಇಲ್ಲ.

ಈಗ ಅದೇ ಪ್ರಸಂಗವನ್ನು ಇನ್ನೊಂದು ಕಡೆಯಿಂದ, ಅರಮನೆಯ ಅಡುಗೆಮನೆಯ ಹುಡುಗಿಯೊಬ್ಬಳ ಮಾತಿನಲ್ಲಿ ಬರೆಯುತ್ತೇನೆ:

“ಆ ಸಂಜೆ ನಾಲ್ಕು ಕೊಳಗ ಅಕ್ಕಿ ಹೆಚ್ಚಿಗೆ ಹಾಕಲು ಹೇಳಿದರು. ಯಾರು ಬಂದಿದ್ದಾರೆ ಎಂದು ಕೇಳಿದರೆ ಅಮ್ಮ, ‘ಯಾತ್ರೆ ಹೊರಟವರು, ಸುಮ್ಮನಿರು’ ಎಂದಳು. ಕಾಲಿಗೆ ನೀರು ಕೊಡಲು ಹೋದೆ. ಎಲ್ಲರ ಮೀನಖಂಡದಲ್ಲೂ ಇಂಬಳ ಕಚ್ಚಿದ ಗಾಯ, ರಕ್ತ ಇನ್ನೂ ಒಸರುತ್ತಿತ್ತು. ಒಬ್ಬನ ಅಂಗಾಲು ಮಾತ್ರ ಉಳಿದವರ ಹಾಗಿರಲಿಲ್ಲ. ಬೊಬ್ಬೆ ಎದ್ದು ಒಡೆದಿತ್ತು. ಊರೂರು ನಡೆಯುವ ಯಾತ್ರಿಕನ ಕಾಲು ಹೀಗಿರುವುದಿಲ್ಲ ಎಂದು ನನಗೂ ಗೊತ್ತಿತ್ತು.”

ಈ ಕೆಲವು ಸಾಲುಗಳನ್ನು ಬಿಡಿಸಿ ನೋಡಿದರೆ ಕಸುಬು ಅರ್ಥವಾಗುತ್ತದೆ. ದಾಖಲೆಯಲ್ಲಿರುವುದು ಇಷ್ಟು: 1689ರ ಮಾರ್ಚ್‌ನಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ. ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು ಪನ್ಹಾಳಕ್ಕೆ ಬಂದ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಂದ ಕೆಲವೇ ಸಂಗಡಿಗರೊಂದಿಗೆ ಲಿಂಗವಂತ ಯಾತ್ರಿಕರ ವೇಷದಲ್ಲಿ ದಕ್ಷಿಣಕ್ಕೆ ಹೊರಟ. ಗುರಿ ದೂರದ ಜಿಂಜಿ ಕೋಟೆ. ಬಿದನೂರಿನ ಚೆನ್ನಮ್ಮಾಜಿ ಅವನನ್ನು ಮೊಗಲರಿಗೆ ಹಿಡಿದುಕೊಡದೆ ತನ್ನ ಸೀಮೆ ದಾಟಿಸಿದಳು. ಆಮೇಲೆ ಜಾನ್ ನಿಸಾರ್ ಖಾನನ ಮುಂದಾಳ್ತನದಲ್ಲಿ ಮೊಗಲ್ ಸೈನ್ಯ ಬಂತು, ಕಾದಾಟವಾಯಿತು, ಒಪ್ಪಂದದಲ್ಲಿ ಮುಗಿಯಿತು. ಈ ಸರಪಳಿಯ ಯಾವ ಕೊಂಡಿಯನ್ನೂ ಕಥೆಗಾರ ಮುಟ್ಟುವಂತಿಲ್ಲ.

ಎರಡನೆಯದು ದಾಖಲೆ ಹೇಳದಿದ್ದರೂ ಊರು ಹೇಳುವ ಸಂಗತಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲೆಂದರೆ ಹಸ್ತ, ಚಿತ್ತೆ ಮಳೆಗಳ ಕಾಲ. ಆಷಾಢದ ಜಡಿಮಳೆ ಕಳೆದಿರುತ್ತದೆ, ಕಾಡಿನ ದಾರಿ ಒಣಗಿರುವುದಿಲ್ಲ. ಹಾಗಾಗಿ ಇಂಬಳ, ಅಂದರೆ ಕಾಡಿನ ಜಿಗಣೆ, ಇರಲೇಬೇಕು. ಗದ್ದೆಯ ಭತ್ತ ಇನ್ನೂ ಕೊಯ್ಲಿಗೆ ಬಂದಿಲ್ಲ, ಅಡಕೆಯ ಗೊನೆ ಇಳಿಸುವ ಕೆಲಸ ಶುರುವಾಗಿಲ್ಲ. ಆದ್ದರಿಂದ ಅಂಗಳದ ತುಂಬ ಅಡಕೆ ಒಣಗಿಸಿದ್ದ ಚಿತ್ರ ಬರೆದರೆ ತೋಟದ ಮನೆಯ ಮಗು ಅಲ್ಲೇ ಹಿಡಿಯುತ್ತದೆ. ಮಲೆನಾಡಿನ ಓದುಗರಿಗೆ ಬರೆಯುವುದರ ಕಷ್ಟವೂ ಸುಖವೂ ಇದೇ.

ಮೂರನೆಯದು ಪೂರ್ತಿ ಕಟ್ಟಿದ್ದು: ಆ ಹುಡುಗಿ, ಅವಳ ಅಮ್ಮ, ನಾಲ್ಕು ಕೊಳಗ, ಒಡೆದ ಬೊಬ್ಬೆ. ಇವು ಯಾವುವೂ ದಾಖಲೆಯಲ್ಲಿಲ್ಲ, ಹಾಗೆಯೇ ಯಾವ ದಾಖಲೆಗೂ ಅಡ್ಡಬರುವುದಿಲ್ಲ. ಅರಮನೆಯಲ್ಲಿ ಅಡುಗೆಮನೆ ಇತ್ತು, ಅಲ್ಲಿ ದುಡಿಯುವವರಿದ್ದರು, ಅವರಿಗೆ ಮಕ್ಕಳಿದ್ದರು. ಆಸ್ಥಾನ ಕವಿಗಳಿಗೆ ಅವರ ಹೆಸರು ಬೇಕಿರಲಿಲ್ಲ ಅಷ್ಟೆ. ಹೊಸದಾಗಿ ಬರೆಯುವವರು ಎಡವುವುದೂ ಈ ಮೂರನೆಯ ಜಾಗದಲ್ಲೇ. ಕಟ್ಟಿದ ಪಾತ್ರದ ಮೇಲೆ ಪ್ರೀತಿ ಹೆಚ್ಚಾಗಿ ಕೊನೆಯ ಅಧ್ಯಾಯದಲ್ಲಿ ಆ ಹುಡುಗಿಯೇ ಜಾನ್ ನಿಸಾರ್ ಖಾನನ ಪಾಳೆಯಕ್ಕೆ ಬೆಂಕಿ ಹಚ್ಚಿ ನಾಡನ್ನು ಉಳಿಸಿಬಿಡುತ್ತಾಳೆ. ಅಲ್ಲಿಗೆ ಕಟ್ಟಿದ್ದು ದಾಖಲೆಯನ್ನು ನುಂಗಿತು. ಹುಡುಗಿ ನೋಡಬಹುದು, ಬಚ್ಚಿಡಬಹುದು, ಹೆದರಬಹುದು, ಒಂದು ಸುದ್ದಿ ಮುಟ್ಟಿಸಬಹುದು. ಯುದ್ಧದ ಫಲಿತಾಂಶ ಅವಳ ಕೈಯಲ್ಲಿರಬಾರದು.

ಮಕ್ಕಳ ಬದುಕಿನ ವಿವರ ಹಳೆಯ ಬರಹಗಳಲ್ಲಿ ಸಿಗುವುದೇ ಇಲ್ಲ ಎಂದು ಕೈಚೆಲ್ಲುವುದೂ ಸರಿಯಲ್ಲ. ಸಿಗುತ್ತದೆ, ಹುಡುಕಬೇಕು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ದಾರಿಯಲ್ಲಿ ತಂಗಿದ್ದಾಗ ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡಿದ. ನೆಲದ ಮೇಲೆ ಸಣ್ಣ ಮರಳು ಹರಡಿದ್ದರು. ಒಬ್ಬ ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವುದು, ಉಳಿದವರು ಅದನ್ನೇ ಹಾಡುತ್ತ ಬರೆಯುವುದು. ಜಾಗ ತುಂಬಿದಾಗ ಮೇಲೆ ಮತ್ತೆ ಮರಳು ಹರಡುವುದು. ಕಾಗದದ ಖರ್ಚಿಲ್ಲ. ಮೇಷ್ಟರಿಲ್ಲದೆ ಕಲಿಯುತ್ತಿದ್ದೀರಲ್ಲ, ಮರೆತರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಟ್ಟಿಗೇ ಅದನ್ನೇ ಮರೆಯುವುದು ಸಾಧ್ಯವಿಲ್ಲವಲ್ಲ ಎಂಬುದು ಹುಡುಗರ ಉತ್ತರ.

ನಾಲ್ಕು ಶತಮಾನದ ಹಿಂದಿನ ನಾಲ್ವರು ಮಕ್ಕಳು, ಅವರ ಮಾತಿನ ಸಮೇತ! ಮಕ್ಕಳಿಗಾಗಿ ಬರೆಯುವವನಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕೆ? ಇವರಲ್ಲಿ ಒಬ್ಬನಿಗೆ ಹೆಸರಿಟ್ಟು, ಮನೆ ಕಟ್ಟಿಕೊಟ್ಟು, ಬಿಳಿಯ ಪರದೇಶಿಯೊಬ್ಬ ತಮ್ಮನ್ನೇ ನೋಡುತ್ತ ನಿಂತಿದ್ದಾನೆ ಎಂಬಲ್ಲಿಂದ ಆರಂಭಿಸಿದರೆ ಕಾದಂಬರಿ ತಾನಾಗಿ ನಡೆಯುತ್ತದೆ.

ಅದೇ ಪ್ರವಾಸಿ ಇಕ್ಕೇರಿಯಿಂದ ಕರಾವಳಿಗೆ ಇಳಿದು ಉಳ್ಳಾಲದ ರಾಣಿಯನ್ನೂ ಕಂಡ. ಸಿಂಹಾಸನದ ಮೇಲಲ್ಲ, ಬೀದಿಯಲ್ಲಿ. ಹೊಲಕ್ಕೆ ನೀರು ಹರಿಸುವ ಕಾಲುವೆ ತೋಡುವ ಕೆಲಸ ನೋಡಲು ಅವಳು ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು. ಮೈಮೇಲೆ ಸಾದಾ ಹತ್ತಿಬಟ್ಟೆ, ಮೇಲೆ ಹಿಡಿದದ್ದು ತಾಳೆಗರಿಯ ಕೊಡೆ. ಇದು ಮಲೆನಾಡಿನ ಚಿತ್ರವಲ್ಲ, ಆದರೆ ಅದೇ ವರ್ಷದ, ನೆರೆಯ ಸೀಮೆಯ ಚಿತ್ರ. ಕ್ಯಾಲೆಂಡರಿನ ರಾಣಿಯರ ಕಿರೀಟ, ಜರಿ ಸೀರೆ, ಕೈಯಲ್ಲಿ ಸದಾ ಎತ್ತಿ ಹಿಡಿದ ಖಡ್ಗ ನೋಡಿ ಅಭ್ಯಾಸವಾದ ನಮಗೆ ಇದು ಸಪ್ಪೆ ಎನಿಸಬಹುದು. ಮಕ್ಕಳಿಗೆ ಎನಿಸುವುದಿಲ್ಲ ಎಂಬುದು ನನ್ನ ನಂಬಿಕೆ. ಕಾಲುವೆ ನೋಡಲು ಕೆಸರಿನಲ್ಲಿ ಹೋಗುವ ರಾಣಿಯ ಹಿಂದೆ ಮಗು ತಾನೂ ನಡೆಯಬಲ್ಲದು. ಖಡ್ಗ ಎತ್ತಿದವಳನ್ನು ದೂರ ನಿಂತು ನೋಡಬೇಕಷ್ಟೆ.

ಇನ್ನು ನಮ್ಮವರೇ ಬರೆದಿಟ್ಟದ್ದು. ಚೆನ್ನಮ್ಮಾಜಿಯ ದತ್ತುಮಗ ಬಸವಪ್ಪ ನಾಯಕ 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ ಸಂಸ್ಕೃತದ ಭಾರಿ ವಿಶ್ವಕೋಶ. 9 ಕಲ್ಲೋಲ, 108 ತರಂಗ. ಕೆಳದಿ ಮನೆತನದ ಕಥೆಯ ಜೊತೆಗೆ ಖಗೋಳದಿಂದ ಅಡುಗೆಯವರೆಗೆ ಎಲ್ಲವೂ ಇದೆ. ಇಷ್ಟೆಲ್ಲ ಬರೆದಿರುವುದು ಮಗ ಸೋಮಶೇಖರ ಕೇಳಿದ ಪ್ರಶ್ನೆಗೆ ಅಪ್ಪ ಉತ್ತರಿಸುವ ರೂಪದಲ್ಲಿ! ಹದಿನೆಂಟನೆಯ ಶತಮಾನದ ನಡುವಿನಲ್ಲಿ ಲಿಂಗಣ್ಣ ಕವಿ ಕನ್ನಡದಲ್ಲಿ ಬರೆದ ‘ಕೆಳದಿನೃಪವಿಜಯಂ’ ಇನ್ನೊಂದು ಮುಖ್ಯ ಆಕರ. ಇವೆರಡೂ ಅರಮನೆಯ ಒಳಗಿನ ದೃಷ್ಟಿ ಎಂಬುದನ್ನು ಮರೆಯಬಾರದು. ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ತಾಳೆಗರಿ, ಕಾಗದಪತ್ರ, ನಾಣ್ಯಗಳನ್ನು ಕೂಡಿಹಾಕಿ ಕೆಳದಿಯಲ್ಲಿ ಕಟ್ಟಿದ ವಸ್ತುಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಕಥೆ ಬರೆಯುವವರು ಅಲ್ಲಿ ಒಂದು ದಿನ ಕಳೆದರೆ ಹಿಡಿಯಲು, ಮುಟ್ಟಲು ಬರುವ ವಸ್ತುಗಳಿಂದ ಕಥೆ ಆರಂಭಿಸುವ ಧೈರ್ಯ ಬರುತ್ತದೆ.

ಸಣ್ಣ ತಪ್ಪುಗಳ ವಿಚಾರ ಬೇರೆಯೇ ಇದೆ. 1689ರ ಬಿದನೂರಿನ ಸಾರಿಗೆ ಟೊಮೆಟೊ ಹಾಕುವಂತಿಲ್ಲ, ಆಲೂಗಡ್ಡೆ ಪಲ್ಯ ಬಡಿಸುವಂತಿಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಕರಾವಳಿಗೆ ಬಂದಿತ್ತು, ಆದರೂ ಖಾರಕ್ಕೆ ಕಾಳುಮೆಣಸು ಬರೆದವನು ಎಂದೂ ಸಿಕ್ಕಿಬೀಳುವುದಿಲ್ಲ. ಬೆಳಗಿನ ಕಾಫಿ ಬೇಡ. ಸಮಯಕ್ಕೆ ಗಳಿಗೆ, ಜಾವ, ದೂರಕ್ಕೆ ಹರದಾರಿ, ದುಡ್ಡಿಗೆ ವರಹ, ಹಣ. ಗುಡ್ಡದ ಮೇಲೆ ಅಕೇಶಿಯಾ ನೆಡಬಾರದು. ಅಡಕೆ ತೋಟಕ್ಕೆ ಕೊಳೆರೋಗ ಬಂತೆಂದು ಬೋರ್ಡೋ ದ್ರಾವಣ ಹೊಡೆಸಿದರೆ ಕಥೆ ಎರಡು ಶತಮಾನ ಮುಂದಕ್ಕೆ ಜಿಗಿಯುತ್ತದೆ, ಏಕೆಂದರೆ ಅದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನನ ಕಾಲದಲ್ಲಿ ಬಂದದ್ದು. ಅದಕ್ಕೂ ಮುಂಚೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆಯಲ್ಲಿ ಜಾರುವ ಮರ ಹತ್ತಿ ಒಂದೊಂದೇ ಗೊನೆಗೆ ಕೊಟ್ಟೆ ಕಟ್ಟುವ ಕೊನೆಗೌಡ, ಕೆಳಗೆ ಕೊಟ್ಟೆಗಳ ಹೊರೆ ಹಿಡಿದು ನಿಂತ ಅವನ ಮಗ: ಇಂಥ ಒಂದು ಪುಟ ಇಡೀ ಯುದ್ಧವರ್ಣನೆಗಿಂತ ಹೆಚ್ಚು ಇತಿಹಾಸ ಕಲಿಸುತ್ತದೆ.

ಒಣ ವಿಷಯ ಎಂದು ಎಲ್ಲರೂ ದಾಟಿಸಿ ಹೋಗುವ ಶಿವಪ್ಪ ನಾಯಕನ ‘ಶಿಸ್ತು’ ಕೂಡ ಹೀಗೆ ತೆರೆದುಕೊಳ್ಳುತ್ತದೆ. 1645ರಿಂದ 1660ರವರೆಗೆ ಆಳಿದ ಅವನು ಹಳ್ಳಿಹಳ್ಳಿಯಲ್ಲಿ ಒಂದೊಂದು ಹೊಲವನ್ನು ಗೊತ್ತುಮಾಡಿ 12 ವರ್ಷ ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಭೂಮಿಯನ್ನು ಐದು ತರವಾಗಿ ವಿಂಗಡಿಸಿ ಕಂದಾಯ ನಿಗದಿ ಮಾಡಿದ ಎಂಬುದು ಪ್ರಸಿದ್ಧಿ. ತೋಟ ಅಳೆಯುವ ಕೋಲಿನ ಉದ್ದಕ್ಕೆ ಇಕ್ಕೇರಿ ದೇವಸ್ಥಾನದ ನಡುಗಂಬಗಳ ಅಂತರವೇ ಅಳತೆ, ಸುಮಾರು ಹದಿನೆಂಟೂವರೆ ಅಡಿ. ಪಠ್ಯಪುಸ್ತಕದಲ್ಲಿ ಇದು ‘ಭೂಕಂದಾಯ ಸುಧಾರಣೆ’ ಎಂಬ ಎರಡು ಅಂಕದ ಪ್ರಶ್ನೆ. ಕಥೆಯಲ್ಲಿ ಇದು ಕೋಲು ಹಿಡಿದು ತೋಟಕ್ಕೆ ಬಂದ ಅಧಿಕಾರಿ, ಒಂದು ಗೇಣು ಆಚೆಗೋ ಈಚೆಗೋ ಎಂದು ಉಸಿರು ಬಿಗಿಹಿಡಿದು ನಿಂತ ಮನೆಮಂದಿ, ಕೋಲು ಸರಿಯಾಗಿದೆಯೇ ಎಂದು ತಾನೇ ದೇವಸ್ಥಾನಕ್ಕೆ ಹೋಗಿ ಹಗ್ಗ ಹಿಡಿದು ಅಳೆಯುವ ಹುಡುಗ.

ಎಲ್ಲಕ್ಕಿಂತ ಕಷ್ಟದ್ದು ಹಿತವಲ್ಲದ ಸಂಗತಿ. ಕೆಳದಿ ಅರಸರ ಬಿರುದುಗಳಲ್ಲಿ ಒಂದು ‘ಎಡವ ಮುರಾರಿ’. ಐತಿಹ್ಯದ ಪ್ರಕಾರ ಮನೆತನದ ಮೂಲಪುರುಷರಿಗೆ ಹೊಲದಲ್ಲಿ ನಿಧಿಯೊಂದು ಗೋಚರವಾಯಿತು, ಅದನ್ನು ಎತ್ತಲು ನರಬಲಿ ಬೇಕಾಯಿತು. ಎಡವ, ಮುರಾರಿ ಎಂಬ ಇಬ್ಬರು ಆಳುಗಳು ತಮ್ಮ ಹೆಸರು ಉಳಿಯಬೇಕು ಎಂಬ ಕೋರಿಕೆಯೊಂದಿಗೆ ಬಲಿಯಾದರು. ಇದನ್ನು ಸ್ವಾಮಿಭಕ್ತಿಯ ಆದರ್ಶವೆಂದು ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟುಬಿಡುವುದೂ ಒಪ್ಪಿಗೆಯಿಲ್ಲ, ಏಕೆಂದರೆ ಆ ಇಬ್ಬರು ಕೇಳಿದ್ದು ಹೆಸರೊಂದನ್ನೇ. ಅವರಿಗೆ ಬೇಡ ಎನ್ನುವ ಸ್ವಾತಂತ್ರ್ಯವಿತ್ತೇ ಎಂದು ಕಥೆಯೊಳಗಿನ ಒಂದು ಮಗು ಕೇಳಲಿ, ಯಾವ ದೊಡ್ಡವರೂ ಅದಕ್ಕೆ ಸರಿಯಾಗಿ ಉತ್ತರಿಸದಿರಲಿ. ಅಷ್ಟು ಸಾಕು.

ಹಾಗೆಯೇ ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಈಕೆ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ದಶಕಗಳ ಕಾಲ ಆಳಿದವಳು. ಅವಳನ್ನು ಸೋಲಿಸಿದ್ದು ಇದೇ ಕೆಳದಿಯ ವೆಂಕಟಪ್ಪ ನಾಯಕ. ದೆಲ್ಲಾ ವಲ್ಲೆ ಬರುವ ಹೊತ್ತಿಗೆ ಗೇರುಸೊಪ್ಪೆಯ ಅರಮನೆಯೂ ಪೇಟೆಯೂ ಪಾಳುಬಿದ್ದು ಮರ ಬೆಳೆದಿದ್ದವು. ಕೆಳದಿಯ ಕಥೆಯಲ್ಲಿ ವೆಂಕಟಪ್ಪ ನಾಯಕ ಮಹಾನ್ ಅರಸ, ಗೇರುಸೊಪ್ಪೆಯ ಕಥೆಯಲ್ಲಿ ಅವನೇ ಊರು ಹಾಳುಮಾಡಿದವನು. ಎರಡು ಪುಸ್ತಕ ಓದಿದ ಮಗು ಯಾರು ಒಳ್ಳೆಯವರು ಎಂದು ಕೇಳಿಯೇ ಕೇಳುತ್ತದೆ. ಬರೆಯುವವರು ಒಂದೇ ಪುಸ್ತಕದಲ್ಲಿ ಎರಡೂ ಊರಿನ ಮಕ್ಕಳನ್ನು ತರುವ ಸಾಹಸ ಮಾಡಬಾರದೇಕೆ?

ಉತ್ತರವಿಲ್ಲದೆ ಮುಗಿಯುವ ಕಥೆಗೂ ಇಲ್ಲಿ ಜಾಗವಿದೆ. ಎಳೆಯ ಅರಸ ಚೆನ್ನಬಸಪ್ಪ 1757ರ ಸುಮಾರಿಗೆ ಕೊಲೆಯಾದನೆಂದು ಸುದ್ದಿಯಾಯಿತು. ಕೆಲವು ವರ್ಷಗಳ ಮೇಲೆ ಯುವಕನೊಬ್ಬ, ‘ನಾನೇ ಚೆನ್ನಬಸಪ್ಪ, ಸಾಯಲಿಲ್ಲ, ಬಚ್ಚಿಟ್ಟುಕೊಂಡು ಉಳಿದೆ’ ಎಂದು ಹೈದರನ ಮುಂದೆ ನಿಂತ. ಹೈದರನ ಸಿಪಾಯಿಗಳು ಅವನನ್ನು ‘ಗೈಬ್ ರಾಜಾ’, ಅಂದರೆ ಕಾಣೆಯಾಗಿದ್ದ ರಾಜ, ಎಂದು ತಮಾಷೆ ಮಾಡುತ್ತಿದ್ದರೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 1763ರಲ್ಲಿ ಬಿದನೂರು ಬಿತ್ತು. ಹೈದರ್ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಮಧುಗಿರಿಗೆ ಕಳಿಸಿದ, ಜೊತೆಗೆ ಈ ಯುವಕನನ್ನೂ ಅಲ್ಲಿಗೇ ಅಟ್ಟಿದ. ಅವನು ನಿಜವಾದ ರಾಜನೋ ವೇಷಗಾರನೋ? ಕಥೆಗಾರ ತೀರ್ಪು ಕೊಡದೆ ಎರಡು ಕಡೆಯ ಸಾಕ್ಷಿಗಳನ್ನೂ ಮುಂದಿಟ್ಟರೆ ಮಕ್ಕಳು ವಾರಗಟ್ಟಲೆ ವಾದ ಮಾಡುತ್ತಾರೆ.

ಐತಿಹಾಸಿಕ ಎಂದರೆ ಅರಸರ ಕಾಲವೇ ಆಗಬೇಕಿಲ್ಲ. ಸಾಗರದ ನಾ. ಡಿಸೋಜ ಮಕ್ಕಳಿಗೂ ದೊಡ್ಡವರಿಗೂ ಬರೆದದ್ದು ತಾವೇ ಕಂಡ ಇತಿಹಾಸವನ್ನು. 1937ರಲ್ಲಿ ಹುಟ್ಟಿದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ನೋಡಿದರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು, ಗದ್ದೆ, ತೋಟಗಳು ನೀರಿನೊಳಗೆ ಹೋದವು. ಅದಕ್ಕೂ ಹಿಂದಿನ, ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೂ ಹೋಯಿತು. ಹಿನ್ನೀರು ತೀರ ಇಳಿದ ವರ್ಷ ಅದು ಇಡಿಯಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ‘ದ್ವೀಪ’ ಕಾದಂಬರಿ ಗಿರೀಶ್ ಕಾಸರವಳ್ಳಿಯವರ ಚಿತ್ರವಾಗಿ ಎಲ್ಲರಿಗೂ ಗೊತ್ತು. ಆದರೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಮುಳುಗಡೆಯ ಇತಿಹಾಸ ಬರೆಯುವವರಿಗೆ ಕೆಳದಿಯ ಕಥೆಗಾರನಿಗಿಲ್ಲದ ಒಂದು ಅನುಕೂಲವೂ ಒಂದು ಅಂಕುಶವೂ ಇದೆ. ಅನುಕೂಲವೆಂದರೆ ಸಾಕ್ಷಿಗಳು ಇನ್ನೂ ಬದುಕಿದ್ದಾರೆ. ಎತ್ತಿನಗಾಡಿಗೆ ಏನೇನು ಹೇರಿದಿರಿ, ಯಾವುದನ್ನು ಬಿಟ್ಟುಬಂದಿರಿ ಎಂದು ಮೊಮ್ಮಗಳು ಅಜ್ಜಿಯನ್ನೇ ಕೇಳಬಹುದು. ಅಂಕುಶವೂ ಅಲ್ಲೇ ಇದೆ: ಬರೆದದ್ದು ತಪ್ಪಿದರೆ ಅಜ್ಜಿ ಸುಮ್ಮನಿರುವುದಿಲ್ಲ. 1689ರ ಅಡುಗೆಮನೆಯ ಹುಡುಗಿ ಎದ್ದುಬಂದು ತಕರಾರು ಮಾಡುವುದಿಲ್ಲ. ಅದಕ್ಕಾಗಿಯೇ ಅವಳ ಬಗ್ಗೆ ಬರೆಯುವವರು ಪುಸ್ತಕದ ಕೊನೆಗೆ ಒಂದು ಪುಟ ಮೀಸಲಿಟ್ಟು, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೀಗೆ ಬರೆಯಬೇಕು: ರಾಜಾರಾಮ ಬಂದದ್ದು, ರಾಣಿ ಅವನನ್ನು ಕಾದದ್ದು, ಸೈನ್ಯ ಬಂದದ್ದು ನಿಜ. ಮಳೆ, ಇಂಬಳ ಊಹೆ, ಆದರೆ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಕಾಡಿಗೆ ಹೋಗಿ ನೋಡಿದರೆ ನಿಮಗೂ ಕಚ್ಚುತ್ತದೆ. ಹುಡುಗಿ ನನ್ನವಳು.